ಆಂಬುಲೆನ್ಸಿನಿಂದ ಊಟದ ಮೇಜಿಗೆ

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಮಗಳದ್ದು ಹಟವಂತೆ. ಒಂದು ವರ್ಷ ಹೊರದೇಶದಲ್ಲಿ, ಅಲ್ಲಿಯ ಕುಟುಂಬವೊಂದರ ಜೊತೆಗಿದ್ದು ಓದುವ ಎಕ್ಸ್‌ಚೇಂಜ್ ಕಾರ್ಯಕ್ರಮಕ್ಕೆ ಅರ್ಜಿ ಹಾಕಬೇಕಂತೆ. "ಗುರುತು ಪರಿಚಯ ಇಲ್ಲದವರ ಮನೇಲಿ ಹುಡುಗೀನ ಹೇಗೋ ಬಿಡೋದು? ಇಟ್ಕೊಳ್ಳೋರಿಗೆ ದುಡ್ಡೂ ಕೊಡಲ್ವಂತೆ. ಮತ್ಯಾಕೆ ಇಟ್ಕೋತಾರೆ ಅವರು?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದರೆ ಕಥೆ ಸ್ಕೂಲಿನಲ್ಲಲ್ಲ, ಯುದ್ಧಭೂಮಿಯಲ್ಲಿ ಶುರುವಾಗಬೇಕೇ!

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಅಮೆರಿಕಾ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆದರೆ ಪ್ಯಾರಿಸ್ ಪಕ್ಕದ ನ್ಯೂಯಿಯಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ಆಸ್ಪತ್ರೆಯೊಂದಿತ್ತು. ಗಾಯಗೊಂಡ ಫ್ರೆಂಚ್ ಸೈನಿಕರನ್ನು ಸಾಗಿಸಲು ಫೋರ್ಡ್ ಮಾಡೆಲ್ ಟಿ ಗಾಡಿಗಳನ್ನೇ ಆಂಬುಲೆನ್ಸ್ ಮಾಡಿಕೊಂಡು ಅಮೆರಿಕಾದ ಕಾಲೇಜು ಹುಡುಗರು ಬಂದರು. 1915ರಲ್ಲಿ ಎ. ಪಿಯಾಟ್ ಆಂಡ್ರ್ಯೂ ಎಂಬ ಅರ್ಥಶಾಸ್ತ್ರಜ್ಞ ಇವರನ್ನೆಲ್ಲ ಒಂದು ಸಂಘಟನೆಯಾಗಿ ಕಟ್ಟಿದ. ಅದೇ ಅಮೆರಿಕನ್ ಫೀಲ್ಡ್ ಸರ್ವೀಸ್, ಅಂದರೆ ಎಎಫ್‌ಎಸ್.

ಎರಡನೇ ಮಹಾಯುದ್ಧದಲ್ಲೂ ಅದೇ ಕೆಲಸ. ಫ್ರಾನ್ಸ್, ಉತ್ತರ ಆಫ್ರಿಕಾ, ಇಟಲಿ, ನಮ್ಮ ಪಕ್ಕದ ಬರ್ಮಾ ಗಡಿ, ಎಲ್ಲ ಕಡೆ ಇವರ ಗಾಡಿಗಳು ಓಡಿದವು. 1945ರ ಏಪ್ರಿಲ್‌ನಲ್ಲಿ ಬರ್ಗನ್-ಬೆಲ್ಸೆನ್ ಯಾತನಾ ಶಿಬಿರ ಬಿಡುಗಡೆಯಾದಾಗ, ಅರೆಜೀವವಾಗಿ ಉಳಿದಿದ್ದವರನ್ನು ಸಾಗಿಸಿದವರಲ್ಲಿ ಎಎಫ್‌ಎಸ್ ಚಾಲಕರೂ ಇದ್ದರು. ಅಂಥದ್ದನ್ನೆಲ್ಲ ಕಣ್ಣಾರೆ ನೋಡಿದವರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಅಲ್ವಾ?

ಅವರು ಹಾಗೆ ಮಾಡಲಿಲ್ಲ. ಮುಖ್ಯಸ್ಥನಾಗಿದ್ದವನು ಸ್ಟೀಫನ್ ಗಲಾಟಿ (ಹೆಸರು ನೋಡಿ ನಗಬೇಡಿ, ನಾನು ಆಗಲೇ ನಕ್ಕಾಗಿದೆ!). ಮೊದಲ ಯುದ್ಧದಲ್ಲಿ ಅವನೂ ಆಂಬುಲೆನ್ಸ್ ಓಡಿಸಿದ್ದವನೇ. 1946ರಲ್ಲಿ ಅವನೂ ಸಂಗಡಿಗರೂ ಸೇರಿ, ಹೈಸ್ಕೂಲು ಮಕ್ಕಳನ್ನು ಬೇರೆ ದೇಶದ ಮನೆಗಳಲ್ಲಿ ಇರಿಸಿ ಓದಿಸೋಣ ಅಂತ ತೀರ್ಮಾನಿಸಿದರು. 1947ರಲ್ಲಿ ಮೊದಲ ತಂಡ ಅಮೆರಿಕಾಕ್ಕೆ ಬಂತು, 10 ದೇಶಗಳ 52 ಮಕ್ಕಳು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಮಕ್ಕಳೂ ಬಂದರು. ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿನ್ನೆಯವರೆಗೆ ಶತ್ರುವಾಗಿದ್ದ ದೇಶದ ಹುಡುಗ. ತಮ್ಮ ಮಗ ಯುದ್ಧಕ್ಕೆ ಹೋಗಿ ಬಂದಿರಬಹುದಾದ ಮನೆ. ಬೆಳಿಗ್ಗೆ ಒಂದೇ ಮೇಜಿನಲ್ಲಿ ತಿಂಡಿ!

ಕಾಲೇಜು ಬಿಟ್ಟು ಹೈಸ್ಕೂಲೇ ಯಾಕೆ? ನನಗನಿಸುವುದು ಇಷ್ಟು: ಕಾಲೇಜಿನವನು ಹಾಸ್ಟೆಲ್ ಸೇರಿಬಿಡುತ್ತಾನೆ. ಹದಿನಾರರ ಮಗುವಿಗೆ ಮನೆ ಬೇಕು. ಪಾತ್ರೆ ತೊಳೆಯುವುದು, ಬೈಸಿಕೊಳ್ಳುವುದು, ಆ ಮನೆಯ ತಂಗಿಯ ಜೊತೆ ಜಗಳ, ಇವೇ ಪಾಠ. ಆತಿಥೇಯರಿಗೆ ದುಡ್ಡು ಕೊಡದಿರುವುದೂ ಅದಕ್ಕೇ ಇರಬೇಕು. ದುಡ್ಡು ಕೊಟ್ಟರೆ ಬಾಡಿಗೆದಾರ, ಕೊಡದಿದ್ದರೆ ಮನೆಮಗ.

ವರ್ಷದ ಕೊನೆಗೆ ಈ ಮಕ್ಕಳನ್ನು ಬಸ್ಸುಗಳಲ್ಲಿ ಅಮೆರಿಕಾ ಸುತ್ತಿಸುತ್ತಿದ್ದರು. 1963ರ ಜುಲೈಯಲ್ಲಿ ಶ್ವೇತಭವನದ ಹುಲ್ಲುಹಾಸಿನ ಮೇಲೆ ಕೆನಡಿ ಇವರ ಜೊತೆ ಮಾತಾಡಿದ್ದರು. 1971ರಿಂದ ಅಮೆರಿಕಾವನ್ನು ಮುಟ್ಟದೆಯೇ ಬೇರೆ ಬೇರೆ ದೇಶಗಳ ನಡುವೆ ಮಕ್ಕಳು ಹೋಗಿಬರುವ ವ್ಯವಸ್ಥೆಯೂ ಆಯಿತು. ಇನ್ನೊಂದು ಖುಷಿಯ ವಿಷಯ: ಜನ ಒಟ್ಟಿಗೆ ನಡೆದು ಒಟ್ಟಿಗೆ ಮಾತಾಡಿದರೆ ಮಾತ್ರ ಶಾಂತಿ ಎಂಬ ಅರ್ಥದ ಇವರ ಧ್ಯೇಯವಾಕ್ಯ ಸಂಸ್ಕೃತದ್ದು ಅಂತ ಅವರೇ ಹೇಳಿಕೊಳ್ಳುತ್ತಾರೆ. ಋಗ್ವೇದದ ಕೊನೆಯ ಸೂಕ್ತ ಕೇಳಿದವರಿಗೆ ಥಟ್ಟನೆ ಗುರುತು ಹತ್ತುತ್ತದೆ.

ನಮ್ಮಜ್ಜ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನಮಗೂ ಇದು ಹೊಸತಲ್ಲ ಅಂತ ಬೀಗಲು ಹೊರಟೆ. ಆದರೆ ಅಜ್ಜ ಉಂಡ ಏಳೂ ಮನೆಗಳು ನಮ್ಮ ಜಾತಿಯವರದ್ದೇ. ಗಲಾಟಿ ಕೇಳಿದ್ದು ಅದಕ್ಕಿಂತ ಕಷ್ಟದ್ದು. ನಿಮ್ಮವನಲ್ಲದವನಿಗೆ ಬಡಿಸಿ, ಒಂದು ದಿನವಲ್ಲ, ಒಂದು ವರ್ಷ.

ಇದರಿಂದ ಯುದ್ಧ ನಿಂತಿತೇ? ಇಲ್ಲ. ಕೊರಿಯಾ ಆಯಿತು, ವಿಯೆಟ್ನಾಂ ಆಯಿತು. ಎಲ್ಲ ಮನೆಗಳೂ ಹೊಂದಿಕೆಯಾಗುವುದೂ ಇಲ್ಲ, ಮಧ್ಯದಲ್ಲಿ ಮನೆ ಬದಲಿಸಿದ ಮಕ್ಕಳಿದ್ದಾರೆ. ಅಕ್ಕನ ಭಯ ಸುಳ್ಳಲ್ಲ.

ಅದಕ್ಕೇ ಅವಳಿಗೆ ಎರಡನ್ನೂ ಹೇಳಿದೆ. ಮನೆಯವರನ್ನು ಹೇಗೆ ಆರಿಸುತ್ತಾರೆ, ತೊಂದರೆಯಾದರೆ ಅದೇ ಊರಲ್ಲಿ ಯಾರಿಗೆ ಹೇಳಬೇಕು, ಮನೆ ಎಷ್ಟು ಬೇಗ ಬದಲಿಸುತ್ತಾರೆ, ಮೊದಲು ಇಷ್ಟನ್ನು ಕೇಳು ಅಂದೆ. ಆಮೇಲೆ ಆಂಬುಲೆನ್ಸ್ ಕಥೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅವಳನ್ನ ಕಳಿಸೋ ವಿಷಯ ಇನ್ನೂ ಯೋಚನೆ ಮಾಡ್ತೀನಿ ಕಣೋ. ಆದ್ರೆ ನಮ್ಮನೆ ಮಹಡಿ ರೂಮು ಖಾಲಿ ಇದ್ಯಲ್ಲ, ಅಲ್ಲಿಂದ ಬರೋ ಹುಡುಗಿಯರಿಗೆ ಇಲ್ಲೂ ಮನೆ ಬೇಕಾಗತ್ತಾ?" ಅಂದಳು.

ನಿಮ್ಮಲ್ಲಿ ಯಾರಾದರೂ ಹೀಗೆ ಹೋಗಿದ್ದರೆ, ಅಥವಾ ಇಟ್ಟುಕೊಂಡಿದ್ದರೆ, ದಯವಿಟ್ಟು ಬರೆಯಿರಿ. ಅಕ್ಕನಿಗೆ ಓದಿಸಬೇಕು.