ಕತ್ತಲ ರಾತ್ರಿ

ಮೊಹರಮ್ಮಿನ ಒಂಬತ್ತನೆಯ ರಾತ್ರಿಗೆ ಉತ್ತರ ಕರ್ನಾಟಕದ ಹಳ್ಳಿಗರು ‘ಕತ್ತಲ ರಾತ್ರಿ’ ಎನ್ನುತ್ತಾರೆ. ಇದು ನಮ್ಮ ಕತ್ತಲೆಯೇ ಎಂದು ತಾವು ತಿಳಿದಿದ್ದರೆ ಅಚ್ಚರಿಯಿಲ್ಲ. ಆದರೆ ಅರಬ್ಬಿಯಲ್ಲಿ ‘ಕತ್ಲ್’ ಎಂದರೆ ವಧೆ. ಕ್ರಿ.ಶ. 680ರಲ್ಲಿ ಪೈಗಂಬರರ ಮೊಮ್ಮಗ ಹುಸೇನರು ಕರ್ಬಲಾ ಮೈದಾನದಲ್ಲಿ ಹತರಾದರಷ್ಟೆ. ಅದರ ಹಿಂದಿನ ರಾತ್ರಿಯಿದು. ಅರಬ್ಬರ ವಧೆ ಕನ್ನಡಿಗರ ಬಾಯಲ್ಲಿ ಕತ್ತಲೆಯಾಯಿತು. ಅರ್ಥವೇನೂ ಕೆಡಲಿಲ್ಲ.

ಈ ಶೋಕಾಚರಣೆ ಮುಖ್ಯವಾಗಿ ಶಿಯಾ ಪಂಥದ್ದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮುಸಲ್ಮಾನರಾದರೋ ಬಹುಪಾಲು ಸುನ್ನಿಗಳು. ಹಾಗಾದರೆ ಇದು ಇಲ್ಲಿಗೆ ಹೇಗೆ ಬಂದಿತು? ಹುಕ್ಕೇರಿಯ ಗುಮ್ಮಟಗಳನ್ನು ಕಂಡವರು ಉತ್ತರವನ್ನು ಊಹಿಸಬಲ್ಲರು. ಈ ನಾಡು ವಿಜಾಪುರದ ಆದಿಲಶಾಹಿಗೆ ಸೇರಿತ್ತು. 1502ರ ಸುಮಾರಿಗೆ ಯೂಸುಫ ಆದಿಲಶಹನು ಶುಕ್ರವಾರದ ಖುತ್ಬಾದಲ್ಲಿ ಹನ್ನೆರಡು ಇಮಾಮರ ಹೆಸರು ಓದಿಸಿದನು. 1534ರಲ್ಲಿ ಪಟ್ಟವೇರಿದ ಮೊದಲನೆಯ ಇಬ್ರಾಹಿಮನು ಆ ಹೆಸರುಗಳನ್ನು ತೆಗೆಸಿದನು; 1558ರಲ್ಲಿ ಬಂದ ಅಲಿಯು ಮತ್ತೆ ಸೇರಿಸಿದನು; 1580ರ ನಂತರ ಎರಡನೆಯ ಇಬ್ರಾಹಿಮನ ಕಾಲದಲ್ಲಿ ಅರಮನೆ ಪುನಃ ಸುನ್ನಿಯಾಯಿತು. ಒಂದು ಶತಮಾನದೊಳಗೆ ದೊರೆಯ ಮತಕ್ಕೆ ಇಷ್ಟು ಹೊರಳಾಟ! ಹಳ್ಳಿಯವನು ಹೊರಳಲಿಲ್ಲ. ಪಂಜಾ ಕೂಡಿಸಿದ, ಡೋಲಿ ಹೊತ್ತ, ಸಕ್ಕರೆ ಓದಿಸಿದ, ಚೊಂಗೆ ಹಂಚಿದ. ಹೊರುವವರಲ್ಲಿ ಒಕ್ಕಲಿಗ, ಕುರುಬ, ತಳವಾರರೂ ಇದ್ದರು.

ಹಾಡು ಹುಟ್ಟಿದ್ದು ಇಲ್ಲಿಯೇ. ‘ರಿವಾಯತ್’ ಎಂದರೆ ವೃತ್ತಾಂತ. ಹಸನ-ಹುಸೇನರ ಕಥೆ ಅಚ್ಚ ಕನ್ನಡದ ಮಟ್ಟುಗಳಲ್ಲಿ ರಿವಾಯತ ಪದವಾಯಿತು. ಕಾಲ್ಗೆಜ್ಜೆ ಕಟ್ಟಿ ಹೆಜ್ಜೆಮೇಳದವರು ಹಾಡಿದರು. ಶಿಶುನಾಳ ಶರೀಫರೂ (1819–1889) ಇಂಥ ಪದಗಳನ್ನು ಕಟ್ಟಿದವರೇ. ಖುರಾನನ್ನು ಓದಲಾರದ ಒಕ್ಕಲು ಮಕ್ಕಳಿಗೆ ಧರ್ಮದ ವ್ಯಾಖ್ಯಾನವೆಂದರೆ ಈ ಹಾಡೇ ಆಗಿತ್ತು.

ಹೊಸಗಾಲದ ಬದಲಾವಣೆಯೆಂದರೆ ಕಟ್ಟು ಸಡಿಲುವುದು ಎಂದು ನಾವು ಭಾವಿಸುತ್ತೇವೆ. ಇಲ್ಲಿ ನಡೆದದ್ದು ಬೇರೆ. ಅಚ್ಚಿನ ಮನೆ ಬಂದಿತು, ಮದರಸೆ ಬಂದಿತು, ಸಾಮಾನ್ಯನೂ ಗ್ರಂಥ ತೆರೆದು ಕೇಳತೊಡಗಿದನು: ಇದು ಎಲ್ಲಿ ಬರೆದಿದೆ? 1866ರಲ್ಲಿ ಸ್ಥಾಪಿತವಾದ ದೇವಬಂದಿನ ಪಂಡಿತರು ತಾಬೂತು ಮೆರವಣಿಗೆಯನ್ನು ‘ಬಿದ್‌ಅತ್’, ಅಂದರೆ ಧರ್ಮದಲ್ಲಿ ಇಲ್ಲದ ಹೊಸ ಸೇರ್ಪಡೆ, ಎಂದರು. ಅವರೊಡನೆ ನೂರೆಂಟು ವಿಷಯಗಳಲ್ಲಿ ಕಾದಾಡಿದ ಬರೇಲಿಯ ಅಹಮದ್ ರಜಾ ಖಾನರೂ (1856–1921) ಈ ಒಂದು ಮಾತಿನಲ್ಲಿ ಅವರ ಕಡೆಗೇ ನಿಂತರು. 1920ರ ದಶಕದಲ್ಲಿ ಮೇವಾತದಲ್ಲಿ ಮೊದಲಾದ ತಬ್ಲೀಗ ಚಳವಳಿಯವರು ಮನೆಮನೆಗೆ ಹೋಗಿ ನಮಾಜು, ಕಲಿಮಾಗಳನ್ನು ಕಲಿಸಿದರು.

ಈ ಸುಧಾರಕರನ್ನು ಹಳಿಯುವುದು ಸುಲಭ. ನಾನು ಹಳಿಯಲಾರೆ. ಕಲ್ಲುದೇವರ ಜಾತ್ರೆಯನ್ನು ಬಿಟ್ಟು ಇಷ್ಟಲಿಂಗ ಹಿಡಿಯಿರೆಂದ ಶರಣರ ನಾಡು ನಮ್ಮದು. ಮೂಲಕ್ಕೆ ಮರಳುವ ಹಟ ನಮಗೆ ಅಪರಿಚಿತವಲ್ಲ. ಅಕ್ಷರ ಕಲಿತವನು ಪ್ರಮಾಣ ಕೇಳುವುದೂ ನ್ಯಾಯವೇ. ಆದರೆ ಮೇಳ ಬಿಟ್ಟ ಊರಿನಲ್ಲಿ ಪದ ಉಳಿಯದು. ರಿವಾಯತ ಪದಗಳು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದವು. ಹಿರಿಯ ಹಾಡುಗಾರನೊಡನೆ ಅವೂ ಮಣ್ಣಾಗುತ್ತವೆ. ಧರ್ಮದ ತೀರ್ಪನ್ನು ಮೌಲವಿಗಳು ಹೇಳಲಿ. ಕನ್ನಡದ ನಷ್ಟವನ್ನು ಎಣಿಸುವವರು ಯಾರು?

ನಮ್ಮ ಜಿಲ್ಲೆಯ ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸಲ್ಮಾನರ ಮನೆಗಳಿಲ್ಲ. ಆದರೂ ಮಸೀದೆಯಿದೆ, ಪ್ರತಿವರ್ಷ ಮೊಹರಂ ನಡೆಯುತ್ತದೆ. ಓದಿಕೆಯ ವಿಧಿಗಳಿಗೆ ಮೌಲವಿಯನ್ನು ಪರಊರಿನಿಂದ ಕರೆಸುತ್ತಾರೆ. ಉಳಿದುದೆಲ್ಲ ಹಿಂದೂಗಳೇ ಮಾಡುತ್ತಾರೆ.