ಕಡಲಿನ ಜಿಗ್ ಜಲಾಶಯಕ್ಕೆ ಇಳಿದ ಕಥೆ

ಒಂದು ಪ್ಲಾಟ್‌ಫಾರ್ಮ್‌ಗೆ ಬರೆದ ಕೋಡನ್ನ ಇನ್ನೊಂದಕ್ಕೆ ಪೋರ್ಟ್ ಮಾಡೋದು ನಮ್ಮಲ್ಲಿ ಎಷ್ಟೋ ಜನರ ಹೊಟ್ಟೆಪಾಡು. ಕೋಡ್ ಓಡುತ್ತೆ, ಎಲ್ಲ ಸರಿ ಅನ್ಸುತ್ತೆ. ಆದರೆ ಹಳೇ ಜಾಗದಲ್ಲಿ ಯಾರೂ ತಲೆಕೆಡಿಸಿಕೊಳ್ಳದಿದ್ದ ಒಂದು ಅಂಶ ಹೊಸ ಜಾಗದಲ್ಲಿ ಕೈಕೊಡುತ್ತೆ. ಇವತ್ತಿನ ಮಾತು ಮೀನುಗಾರಿಕೆಯ ಚರಿತ್ರೆಯದ್ದು, ಆದರೆ ಸಮಸ್ಯೆ ಇದೇ. ಸಮುದ್ರದ ಜಿಗ್ಗಿಂಗ್ ವಿದ್ಯೆ ಸಿಹಿನೀರಿನ ಬ್ಯಾಸ್ ಮೀನು ಹಿಡಿಯೋಕೆ ಉಪಯೋಗವಾಗುತ್ತಾ?

ಮೊದಲು ಜಿಗ್ ಅಂದ್ರೇನು ನೋಡೋಣ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಬೆಸ್ತರು ಸೀಸವನ್ನು ಮೀನಿನ ಆಕಾರದ ಅಚ್ಚಿಗೆ ಎರಕ ಹೊಯ್ದು, ಅದಕ್ಕೆ ಎರಡು ಗಾಳ ಕೂರಿಸುತ್ತಿದ್ದರು. ಎರೆ ಕಟ್ಟೋದೇ ಇಲ್ಲ. ದೋಣಿಯಿಂದ ನೇರ ಕೆಳಗೆ ಬಿಡೋದು, ಕೈಯಲ್ಲೇ ದಾರ ಹಿಡಿದು ಎಳೆಯೋದು, ಬಿಡೋದು, ಮತ್ತೆ ಎಳೆಯೋದು. ಕಾಡ್ ಮೀನು ಬಾಯಿ ಹಾಕಿದರೂ ಸರಿ, ಮೈಗೆ ಗಾಳ ಚುಚ್ಚಿಕೊಂಡರೂ ಸರಿ. ಅದು ಆಟ ಅಲ್ಲ, ಅನ್ನ. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತೆ.

ಇನ್ನು ಬ್ಯಾಸ್. ಅಮೆರಿಕದಲ್ಲಿ ಅತಿ ಜನಪ್ರಿಯವಾದ ಲಾರ್ಜ್‌ಮೌತ್ ಬ್ಯಾಸ್ ಮೂಲತಃ ದಡದ ಮೀನು. ಕಳೆ, ಬಿದ್ದ ಮರದ ದಿಮ್ಮಿಗಳ ಮರೆಯಲ್ಲಿ ಹೊಂಚು ಹಾಕಿ ಬೇಟೆಯಾಡುತ್ತೆ. ಅಂಥ ಆಳವಿಲ್ಲದ ನೀರಲ್ಲಿ ಸೀಸದ ತುಂಡು ಕುಣಿಸೋಕೆ ಜಾಗವೆಲ್ಲಿ? ಹಾಗಾದರೆ ಕಡಲಿನ ವಿದ್ಯೆ ಒಳನಾಡಿಗೆ ಬಂದದ್ದು ಹೇಗೆ?

ಅಣೆಕಟ್ಟುಗಳಿಂದ. 1933ರಲ್ಲಿ ಟೆನೆಸ್ಸಿ ವ್ಯಾಲಿ ಅಥಾರಿಟಿ ಹುಟ್ಟಿತು. ಅಲ್ಲಿಂದ ಮುಂದಿನ ದಶಕಗಳಲ್ಲಿ ಅಮೆರಿಕದ ದಕ್ಷಿಣದ ಕಣಿವೆಗಳು ಒಂದೊಂದಾಗಿ ಆಳವಾದ ಜಲಾಶಯಗಳಾದವು. ದಕ್ಷಿಣ ಕೆರೊಲಿನಾದ ಸ್ಯಾಂಟೀ-ಕೂಪರ್ ಯೋಜನೆಯಲ್ಲಿ ಒಂದು ವಿಚಿತ್ರವೇ ನಡೆಯಿತು. ಸ್ಟ್ರೈಪ್ಡ್ ಬ್ಯಾಸ್ ಅಂತ ಇನ್ನೊಂದು ಮೀನಿದೆ. ಹೆಸರಲ್ಲಿ ಬ್ಯಾಸ್, ಆದರೆ ಕುಟುಂಬವೇ ಬೇರೆ. ಸಮುದ್ರದಲ್ಲಿ ಬದುಕಿ, ಮೊಟ್ಟೆಯಿಡೋಕೆ ನದಿಗೆ ಬರುವ ಮೀನು. 1940ರ ದಶಕದ ಆರಂಭದಲ್ಲಿ ಅಲ್ಲಿ ಅಣೆಕಟ್ಟು ಎದ್ದಾಗ ಮೇಲ್ಭಾಗದಲ್ಲಿ ಉಳಿದ ಮೀನುಗಳು ಸಾಯಲಿಲ್ಲ. ಸಿಹಿನೀರಲ್ಲೇ ಬೆಳೆದು ಮರಿ ಮಾಡಿದವು. ಆಮೇಲೆ ಬೇರೆ ರಾಜ್ಯಗಳೂ ತಮ್ಮ ಜಲಾಶಯಗಳಿಗೆ ಈ ಮೀನನ್ನು ಬಿಟ್ಟವು. ಅಂದ್ರೆ ಕಡಲಿನ ಮೀನೇ ಒಳನಾಡಿಗೆ ಬಂದಾಯ್ತು. ಕಡಲಿನ ಸಲಕರಣೆ ಬರದೇ ಇರುತ್ತಾ?

ಬಂತು. ವರ್ಜೀನಿಯಾದ ನಾರ್ಫೋಕ್‌ನ ಹಾಪ್ಕಿನ್ಸ್ ಸ್ಪೂನ್ ಅಂತ ಒಂದಿದೆ. ಸುತ್ತಿಗೆಯಿಂದ ಬಡಿದ ಹಾಗೆ ಕಾಣುವ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಸಮುದ್ರದ ಮೀನಿಗೆ ಅಂತ ಮಾಡಿದ್ದು. ಜಲಾಶಯಗಳಲ್ಲಿ ಅದು ಚಳಿಗಾಲದ ಆಯುಧವಾಯಿತು. ಕಾರಣ ಸರಳ. ಬ್ಯಾಸ್‌ಗೆ ಆಹಾರವಾದ ಥ್ರೆಡ್‌ಫಿನ್ ಶ್ಯಾಡ್ ಎಂಬ ಸಣ್ಣ ಮೀನು ಚಳಿ ತಡೆಯಲ್ಲ. ನೀರು ತೀರಾ ತಣ್ಣಗಾದರೆ ಒದ್ದಾಡುತ್ತಾ ಕೆಳಗೆ ಬೀಳುತ್ತೆ. ಮಿನುಗುತ್ತಾ ಇಳಿಯುವ ಲೋಹದ ಪಟ್ಟಿ ಥೇಟ್ ಹಾಗೇ ಕಾಣುತ್ತೆ. ಆಳದಲ್ಲಿ ಮೀನಿನ ಗುಂಪು ಎಲ್ಲಿದೆ ಅಂತ ಹೇಳೋಕೆ 1950ರ ದಶಕದ ಕೊನೆಗೆ ಕಾರ್ಲ್ ಲೋರೆನ್ಸ್ ಅವರ ಪುಟ್ಟ ಸೋನಾರ್ ಪೆಟ್ಟಿಗೆ ಮಾರುಕಟ್ಟೆಗೆ ಬಂದಿತ್ತು. ಯುದ್ಧದಲ್ಲಿ ಸಬ್‌ಮರೀನ್ ಹುಡುಕಿದ ತಂತ್ರವೇ ಈಗ ಮೀನು ಹುಡುಕಿತು.

ಆದರೆ ಎಲ್ಲವೂ ಹಾಗೇ ಪೋರ್ಟ್ ಆಗಲಿಲ್ಲ. ಸಮುದ್ರದಲ್ಲಿ ನೂರು ಮೀಟರ್ ಆಳಕ್ಕೆ, ಪ್ರವಾಹಕ್ಕೆ ಎದುರಾಗಿ 200 ಗ್ರಾಂ ಜಿಗ್ ಬೇಕಾಗಬಹುದು. ಜಲಾಶಯಕ್ಕೆ 20 ಗ್ರಾಂ ಧಾರಾಳ. ಕಡಲಲ್ಲಿ ಅಟ್ಟಿಸಿಕೊಂಡು ಬರುವ ಮೀನಿಗೆ ಜಿಗ್ ಅನ್ನು ರಭಸವಾಗಿ ಮೇಲಕ್ಕೆ ಎಳೀತಾರೆ. ಹೊಂಚು ಹಾಕುವ ಲಾರ್ಜ್‌ಮೌತ್‌ಗೆ, ಅದೂ ಚಳಿಯಲ್ಲಿ, ಆ ರಭಸ ಬೇಡ. ಅದು ಕಚ್ಚೋದು ಹೆಚ್ಚಾಗಿ ಜಿಗ್ ಕೆಳಗೆ ಬೀಳುವಾಗ. ಹಾಗಾಗಿ ಜಪಾನಿನಲ್ಲಿ ಬೆಳೆದ ಸ್ಲೋ ಪಿಚ್ ಜಿಗ್ಗಿಂಗ್‌ನ ನಿಧಾನದ ಬೀಳು ಇಲ್ಲಿಗೆ ಹೆಚ್ಚು ಹೊಂದುತ್ತೆ.

ಕೈಕೊಟ್ಟ ಅಂಶ ಬೇರೆಯೇ. 1967ರಲ್ಲಿ ಬೀವರ್ ಲೇಕ್‌ನಲ್ಲಿ ಬ್ಯಾಸ್ ಪಂದ್ಯ ನಡೆಸಿದ ರೇ ಸ್ಕಾಟ್, ಮರುವರ್ಷ ಬಿ.ಎ.ಎಸ್.ಎಸ್. ಸಂಸ್ಥೆ ಕಟ್ಟಿದರು. 1972ರಲ್ಲಿ, ಹಿಡಿದ ಮೀನನ್ನು ಕೊಲ್ಲಬೇಡಿ, ವಾಪಸ್ ಬಿಡಿ ಅನ್ನುವ ಪದ್ಧತಿಯನ್ನು ಪಂದ್ಯಗಳಿಗೆ ತಂದರು. ಒಳ್ಳೇ ಕೆಲಸವೇ. ಆದರೆ ಬ್ಯಾಸ್‌ನ ಹೊಟ್ಟೆಯೊಳಗೆ ಒಂದು ಗಾಳಿಚೀಲವಿದೆ. ಅದರ ಗಾಳಿಯನ್ನು ಬಾಯಿಂದ ತಟ್ಟನೆ ಹೊರಬಿಡೋಕೆ ಆಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡು ಪಟ್ಟು. ಅಲ್ಲಿಂದ ಸರಸರ ಎಳೆದರೆ ಚೀಲ ಎರಡು ಪಟ್ಟು ಉಬ್ಬೋಕೆ ನೋಡುತ್ತೆ, ಒಳ ಅಂಗಗಳನ್ನು ಒತ್ತುತ್ತೆ. ವಾಪಸ್ ಬಿಟ್ಟರೂ ಮೀನು ಕೆಳಗೆ ಹೋಗಲಾರದೆ ಮೇಲೇ ತೇಲುತ್ತೆ. ಎಷ್ಟೋ ಸಲ ನಾವು ದೋಣಿ ತಿರುಗಿಸಿ ಹೋದ ಮೇಲೆ ಸಾಯುತ್ತೆ.

ಕಾಡ್ ಮೀನಿಗೂ ಇಂಥದೇ ಚೀಲವಿತ್ತು. ಆದರೆ ಅದನ್ನು ವಾಪಸ್ ಬಿಡುವ ಪ್ರಶ್ನೆಯೇ ಇರಲಿಲ್ಲ. ಅದು ಉಪ್ಪು ಹಚ್ಚಿ ಒಣಗಿಸೋ ಮೀನು. ಅನ್ನಕ್ಕಾಗಿ ಹುಟ್ಟಿದ ತಂತ್ರ ಆಟಕ್ಕೆ ಬಂದಾಗ ಬಿಲ್ಲು ಕಟ್ಟಿದ್ದು ಮೀನು.

ಆದ್ದರಿಂದ ಉತ್ತರ ಇಷ್ಟು: ಉಪಯೋಗವಿದೆ. ಚಳಿಗಾಲದಲ್ಲಿ, ಆಳದ ಜಲಾಶಯದಲ್ಲಿ, ಶ್ಯಾಡ್ ಗುಂಪಿನ ಕೆಳಗೆ, ಹಗುರ ಜಿಗ್ ಮತ್ತು ನಿಧಾನದ ಕೈ ಇದ್ದರೆ ಚೆನ್ನಾಗಿಯೇ ನಡೆಯುತ್ತೆ. ಆದರೆ ಮೀನನ್ನು ವಾಪಸ್ ಬಿಡೋದೇ ಉದ್ದೇಶವಾದರೆ ಹತ್ತು ಮೀಟರಿಗಿಂತ ಸಾಕಷ್ಟು ಮೇಲೇ ನಿಲ್ಲಿ. ಅದಕ್ಕಿಂತ ಆಳಕ್ಕೆ ಜಿಗ್ ಬಿಡೋದಾದರೆ, ಬಂದ ಮೀನನ್ನು ಅಡುಗೆಮನೆಗೆ ಒಯ್ಯೋಕೆ ಸಿದ್ಧರಿದ್ದೇ ಬಿಡಿ. ಸೋನಾರ್ ಪರದೆ ಆಳವನ್ನ ಹೇಗೂ ತೋರಿಸುತ್ತೆ. ದಾರ ಬಿಡೋ ಮುಂಚೆ ಒಮ್ಮೆ ನೋಡಿಕೊಳ್ಳೋದು ಕಷ್ಟವೇನಲ್ಲ.