ಪೂರ್ವರೋಗವೆಂಬ ನಿಬಂಧನೆ: ಆರೋಗ್ಯವಿಮೆಯ ಚರಿತ್ರೆಯಲ್ಲಿ ಒಂದು ವಿಚಾರ

೧

ಆರೋಗ್ಯವಿಮೆಯ ಪತ್ರವೊಂದನ್ನು ತೆರೆದು ನೋಡಿದವರಿಗೆ ಅದರಲ್ಲಿ ಎರಡು ಭಾಗಗಳಿರುವುದು ಗೋಚರವಾಗುತ್ತದೆ. ಯಾವ ಯಾವ ವೆಚ್ಚಗಳನ್ನು ವಿಮಾಸಂಸ್ಥೆ ಭರಿಸುವುದೆಂಬುದು ಮೊದಲನೆಯದು. ಯಾವುದನ್ನು ಭರಿಸುವುದಿಲ್ಲವೆಂಬುದು ಎರಡನೆಯದು. ಬಹುಮಂದಿ ಮೊದಲನೆಯ ಭಾಗವನ್ನು ವಿಮೆ ಮಾಡಿಸುವಾಗ ಓದುತ್ತಾರೆ. ಎರಡನೆಯ ಭಾಗವನ್ನು ಆಸ್ಪತ್ರೆಯಲ್ಲಿ ಓದುತ್ತಾರೆ. ಈ ಎರಡನೆಯ ಭಾಗದ ನಿಬಂಧನೆಗಳಲ್ಲಿ ಅತ್ಯಂತ ವಿವಾದಕ್ಕೆ ಗುರಿಯಾಗಿರುವುದು ವಿಮೆ ಮಾಡಿಸುವುದಕ್ಕೆ ಮೊದಲೇ ಶರೀರದಲ್ಲಿದ್ದ ಕಾಯಿಲೆಗೆ ಸಂಬಂಧಿಸಿದ ನಿಬಂಧನೆ. ಇದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ‘ಪೂರ್ವರೋಗ’ವೆಂದು ಕರೆದಿದೆ.

ಈ ನಿಬಂಧನೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಇದು ವಿಮಾ ವ್ಯಾಪಾರಿಗಳು ಲಾಭಕ್ಕಾಗಿ ಹೂಡಿದ ತಂತ್ರವೆಂದು ಕೆಲವರು ಹೇಳುತ್ತಾರೆ. ವಿಮೆಯ ತತ್ತ್ವದಲ್ಲಿಯೇ ಅಡಗಿರುವ, ತಪ್ಪಿಸಲು ಸಾಧ್ಯವೇ ಇಲ್ಲದ ಕಟ್ಟಳೆಯೆಂದು ಮತ್ತೆ ಕೆಲವರು ವಾದಿಸುತ್ತಾರೆ. ಚರಿತ್ರೆಯನ್ನು ಪರಿಶೀಲಿಸಿದಲ್ಲಿ ಈ ಎರಡೂ ಅರ್ಧಸತ್ಯಗಳೆಂದು ತೋರುತ್ತದೆ. ಜನರು ತಮ್ಮ ಇಚ್ಛೆಯಿಂದ ಒಬ್ಬೊಬ್ಬರಾಗಿ ವಿಮೆಗೆ ಸೇರುವ ಕಡೆಗಳಲ್ಲಿ ಈ ನಿಬಂಧನೆ ತಲೆದೋರುತ್ತದೆ. ಕಾಯಿದೆಯ ಬಲದಿಂದಾಗಲಿ ಸಮೂಹದ ಬಲದಿಂದಾಗಲಿ ಎಲ್ಲರೂ ಸೇರುವ ಕಡೆಗಳಲ್ಲಿ ಮರೆಯಾಗುತ್ತದೆ. ಆದರೆ ಹಾಗೆ ಮರೆಯಾದಾಗ ಇನ್ನೊಂದು ಗಡಿ ಬೇರೊಂದು ಕಡೆ ಏಳುತ್ತದೆ. ಈ ಮಾತನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ವಿಮೆಯೆಂಬುದು ಅನಿಶ್ಚಿತವಾದ ಮುಂದಿನ ನಷ್ಟಕ್ಕೆ ಮಾಡಿಕೊಳ್ಳುವ ಏರ್ಪಾಡು. ಉರಿದುಹೋದ ಮನೆಗೆ ಬೆಂಕಿವಿಮೆ ಸಲ್ಲದು. ಈ ಸಾಮಾನ್ಯ ನ್ಯಾಯಕ್ಕೆ ಶಾಸ್ತ್ರೀಯ ರೂಪ ದೊರೆತದ್ದು ಇಂಗ್ಲೆಂಡಿನಲ್ಲಿ, ೧೭೬೬ರಲ್ಲಿ, ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡನು ಕಾರ್ಟರ್ ಮತ್ತು ಬೋಮ್ ಇವರ ನಡುವಣ ವ್ಯಾಜ್ಯದಲ್ಲಿ ಕೊಟ್ಟ ತೀರ್ಪಿನಿಂದ. ಸುಮಾತ್ರ ದ್ವೀಪದ ಬೆಂಕೂಲೆನ್‌ನಲ್ಲಿದ್ದ ಮಾರ್ಲ್‌ಬರೊ ಕೋಟೆ ಪರಕೀಯರ ವಶವಾದರೆ ತನಗೆ ಪರಿಹಾರ ಸಿಗುವಂತೆ ಅಲ್ಲಿಯ ಗವರ್ನರನು ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದನು. ೧೭೬೦ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದರು. ಕೋಟೆಯ ದೌರ್ಬಲ್ಯವನ್ನು ಗವರ್ನರನು ಮುಚ್ಚಿಟ್ಟಿದ್ದನೆಂದು ವಿಮಾದಾರನು ಹಣ ಕೊಡಲು ನಿರಾಕರಿಸಿದನು. ವಿಮೆ ಮಾಡಿಸುವವನಿಗೆ ಮಾತ್ರ ತಿಳಿದಿರುವ ಮುಖ್ಯ ಸಂಗತಿಗಳನ್ನು ಅವನು ಮುಚ್ಚಿಡಕೂಡದು, ವಿಮೆಯ ಕರಾರು ಪರಮ ವಿಶ್ವಾಸದ ಕರಾರು ಎಂಬ ಸೂತ್ರವನ್ನು ಮ್ಯಾನ್ಸ್‌ಫೀಲ್ಡನು ಆಗ ಪ್ರತಿಪಾದಿಸಿದನು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ವ್ಯಾಜ್ಯದಲ್ಲಿ ಗೆದ್ದವನು ಗವರ್ನರನೇ. ವಿಮಾದಾರನು ತಾನೇ ತಿಳಿಯಬಹುದಾಗಿದ್ದ ಸಂಗತಿಗಳನ್ನು ಕೇಳದೆ ಹಣ ಪಡೆದು, ನಷ್ಟವಾದ ಮೇಲೆ ‘ನನಗೆ ಹೇಳಲಿಲ್ಲ’ವೆಂದು ದೂರುವುದು ನ್ಯಾಯವಲ್ಲವೆಂದು ತೀರ್ಪಾಯಿತು. ಪರಮ ವಿಶ್ವಾಸದ ಹೊಣೆ ಉಭಯ ಪಕ್ಷಗಳದ್ದು ಎಂಬುದೇ ಆ ತೀರ್ಪಿನ ಸಾರ. ಆದರೆ ಮುಂದಿನ ಕಾಲದಲ್ಲಿ ವಿಮೆ ಮಾಡಿಸುವವನ ಮೇಲೆ ಬೀಳುವ ಅರ್ಧವನ್ನೇ ಜನರು ಹೆಚ್ಚಾಗಿ ನೆನಪಿನಲ್ಲಿಟ್ಟರು.

ಕಾಯಿಲೆಗೆ ಸಂಬಂಧಿಸಿದ ನಿಬಂಧನೆಗಳು ಬೆಳೆದದ್ದು ಈ ನ್ಯಾಯಾಲಯಗಳಿಂದ ದೂರದಲ್ಲಿ, ಇಂಗ್ಲೆಂಡಿನ ಕೆಲಸಗಾರರು ಕಟ್ಟಿಕೊಂಡಿದ್ದ ಫ್ರೆಂಡ್ಲಿ ಸೊಸೈಟಿಗಳೆಂಬ ಪರಸ್ಪರ ಸಹಾಯಸಂಘಗಳಲ್ಲಿ. ೧೭೯೩ರ ಕಾಯಿದೆಯೊಂದು ಇವುಗಳಿಗೆ ಮಾನ್ಯತೆಯನ್ನಿತ್ತಿತು. ಸದಸ್ಯರು ಸ್ವಲ್ಪ ಸ್ವಲ್ಪ ಹಣವನ್ನು ಕೂಡಿಸಿ, ಕಾಯಿಲೆ ಬಿದ್ದವನಿಗೆ ವಾರವಾರವೂ ಕೊಡುತ್ತಿದ್ದರು. ಸೇರುವವನು ಇಂತಿಷ್ಟು ವಯಸ್ಸಿಗೆ ಮೀರಿರಕೂಡದು, ಆರೋಗ್ಯವಂತನಾಗಿರಬೇಕು, ಸೇರಿದ ಬಳಿಕ ನಿಯತ ಕಾಲ ಕಳೆಯುವವರೆಗೆ ಸಹಾಯ ಬೇಡಕೂಡದು, ಕುಡಿತದಿಂದಲೂ ಹೊಡೆದಾಟದಿಂದಲೂ ಬಂದ ಕಾಯಿಲೆಗೆ ಸಹಾಯವಿಲ್ಲ ಎಂಬ ನಿಯಮಗಳು ಇವುಗಳಲ್ಲಿ ಸಾಮಾನ್ಯವಾಗಿದ್ದವು. ಇಂದಿನ ವಿಮಾಪತ್ರದ ಎರಡನೆಯ ಭಾಗವೆಲ್ಲವೂ ಬೀಜರೂಪದಲ್ಲಿ ಇಲ್ಲಿಯೇ ಇದೆ. ಈ ಸಂಘಗಳಿಗೆ ಲಾಭದ ಗುರಿಯಿರಲಿಲ್ಲ. ನಿಯಮಗಳನ್ನು ಮಾಡಿದವರು ಸದಸ್ಯರೇ. ಪೆಟ್ಟಿಗೆಯಲ್ಲಿದ್ದ ಹಣ ಅಲ್ಪ, ಸದಸ್ಯರ ಸಂಖ್ಯೆಯೂ ಅಲ್ಪ. ದೀರ್ಘರೋಗಿಗಳು ಕೆಲವರೇ ಸೇರಿಕೊಂಡರೂ ಪೆಟ್ಟಿಗೆ ಬರಿದಾಗುವುದೆಂಬ ಭಯ ಅವರಿಗಿತ್ತು. ಆದ್ದರಿಂದ ಪೂರ್ವರೋಗದ ನಿಬಂಧನೆಯನ್ನು ಕೇವಲ ವ್ಯಾಪಾರಿಗಳ ತಂತ್ರವೆನ್ನುವುದು ಸರಿಯಾಗಲಾರದು.

೩

ಈ ಭಯವನ್ನು ನೀಗಿದ ಮೊದಲನೆಯ ದೊಡ್ಡ ಪ್ರಯತ್ನವೆಂದರೆ ಜರ್ಮನಿಯಲ್ಲಿ ಬಿಸ್ಮಾರ್ಕನ ಆಡಳಿತ ೧೮೮೩ರಲ್ಲಿ ಜಾರಿಮಾಡಿದ ರೋಗವಿಮಾ ಕಾಯಿದೆ. ಕೈಗಾರಿಕೆಯ ಕೆಲಸಗಾರನು ಕೆಲಸಕ್ಕೆ ಸೇರಿದ ಕಾರಣದಿಂದಲೇ ವಿಮೆಗೂ ಸೇರಿದವನಾಗುತ್ತಿದ್ದನು. ಹಣದಲ್ಲಿ ಮೂರರಲ್ಲೆರಡು ಪಾಲು ಅವನದು, ಒಂದು ಪಾಲು ಮಾಲೀಕನದು. ಕಾಯಿಲೆ ಬಿದ್ದಾಗ ವೈದ್ಯನ ಸಹಾಯವೂ ೧೩ ವಾರಗಳವರೆಗೆ ಅರ್ಧ ಕೂಲಿಯೂ ದೊರೆಯುತ್ತಿತ್ತು. ಆರೋಗ್ಯವಂತರು ಹೊರಗೆ ನಿಲ್ಲುವಂತಿಲ್ಲವಾದ್ದರಿಂದ ರೋಗಿಗಳನ್ನು ಹೊರಗಿಡುವ ಆವಶ್ಯಕತೆಯೂ ಕಡಮೆಯಾಯಿತು. ಆದರೆ ಹೊಲದ ಕೂಲಿಗಾರರು ಈ ಕಡ್ಡಾಯದೊಳಕ್ಕೆ ಆಗ ಬರಲಿಲ್ಲ. ಗಡಿಯು ಶರೀರದಿಂದ ಉದ್ಯೋಗಕ್ಕೆ ಸರಿಯಿತು.

ಇಂಗ್ಲೆಂಡಿನಲ್ಲಿ ಲಾಯ್ಡ್ ಜಾರ್ಜ್ ತಂದ ೧೯೧೧ರ ರಾಷ್ಟ್ರೀಯ ವಿಮಾ ಕಾಯಿದೆ ಇದಕ್ಕಿಂತ ಹೆಚ್ಚು ಬೋಧಪ್ರದವಾಗಿದೆ. ವಾರಕ್ಕೆ ಕೆಲಸಗಾರನು ನಾಲ್ಕು ಪೆನ್ನಿ, ಮಾಲೀಕನು ಮೂರು, ಸರ್ಕಾರ ಎರಡು ಕೊಡತಕ್ಕದ್ದೆಂದು ಅದು ವಿಧಿಸಿತು. ಆದರೆ ಆಡಳಿತವನ್ನು ಮಾನ್ಯತೆ ಪಡೆದ ಸಂಘಗಳಿಗೆ ವಹಿಸಿ, ಯಾರನ್ನು ಸೇರಿಸಿಕೊಳ್ಳಬೇಕೆಂಬ ಸ್ವಾತಂತ್ರ್ಯವನ್ನೂ ಅವುಗಳಿಗೇ ಬಿಟ್ಟಿತು. ವಯಸ್ಸಿನ ಕಾರಣವೊಂದರಿಂದಲೇ ಯಾರನ್ನೂ ತಳ್ಳುವಂತಿರಲಿಲ್ಲ. ಅನಾರೋಗ್ಯದ ಕಾರಣದಿಂದ ತಳ್ಳಬಹುದಾಗಿತ್ತು. ಹೀಗೆ ಯಾವ ಸಂಘವೂ ಒಲ್ಲದವರನ್ನು ಅಂಚೆಕಚೇರಿಯ ಮೂಲಕ ‘ಠೇವಣಿ ಚಂದಾದಾರ’ರನ್ನಾಗಿ ಮಾಡಲಾಯಿತು. ಅವರ ಲೆಕ್ಕದಲ್ಲಿ ಕೂಡಿದ ಹಣ ಇರುವವರೆಗೆ ಅವರಿಗೆ ಸಹಾಯ. ಅದು ಮುಗಿದರೆ ಸಹಾಯವೂ ಮುಗಿಯಿತು. ಹೆಸರಿಗೆ ವಿಮೆಯಾದರೂ ವಾಸ್ತವದಲ್ಲಿ ಅದು ಅವರದೇ ಉಳಿತಾಯದ ಪುಸ್ತಕವಾಗಿತ್ತು. ಯಾರಿಗೆ ವಿಮೆಯ ಅಗತ್ಯ ಎಲ್ಲರಿಗಿಂತ ಅಧಿಕವಾಗಿತ್ತೋ ಅವರಿಗೆ ದೊರೆತದ್ದು ಎಲ್ಲರಿಗಿಂತ ಅಲ್ಪ. ವಿಮೆ ಮಾಡಿದವರ ಹೆಂಡತಿ ಮಕ್ಕಳಿಗಂತೂ ವೈದ್ಯಸಹಾಯ ಇರಲೇ ಇಲ್ಲ. ೧೯೪೮ರ ಜುಲೈ ೫ರಂದು ಸರ್ವರಿಗೂ ಸಲ್ಲುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ಈ ಭೇದ ಅಳಿಯಿತು. ಕಡ್ಡಾಯವೊಂದೇ ಸಾಲದು, ಆಯ್ಕೆಯ ಅಧಿಕಾರ ಯಾರ ಕೈಯಲ್ಲಿದೆಯೆಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

೪

ಭಾರತದಲ್ಲಿ ರೋಗವಿಮೆಯ ವಿಚಾರವನ್ನು ೧೯೩೧ರಲ್ಲಿ ವರದಿಯನ್ನೊಪ್ಪಿಸಿದ ರಾಯಲ್ ಕಾರ್ಮಿಕ ಆಯೋಗ ಎತ್ತಿತ್ತು. ಪ್ರೊಫೆಸರ್ ಬಿ. ಪಿ. ಅಡಾರ್ಕರ್ ೧೯೪೪ರಲ್ಲಿ ಇದಕ್ಕೊಂದು ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು. ಇದರ ಆಧಾರದ ಮೇಲೆ ೧೯೪೮ರ ಏಪ್ರಿಲ್‌ನಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಅಂಗೀಕೃತವಾಯಿತು. ೧೯೫೨ರ ಫೆಬ್ರವರಿ ೨೪ರಂದು ಕಾನಪುರ ಮತ್ತು ದೆಹಲಿಗಳಲ್ಲಿ ಯೋಜನೆ ಕಾರ್ಯರೂಪಕ್ಕೆ ಬಂದಿತು. ಬೆಂಗಳೂರಿಗೆ ಬಂದದ್ದು ೧೯೫೮ರಲ್ಲಿ. ‘ಇ.ಎಸ್.ಐ.’ ಎಂದು ನಮ್ಮ ಕಾರ್ಖಾನೆಯ ಬೀದಿಗಳಲ್ಲಿ ಮನೆಮಾತಾದದ್ದು ಈ ಯೋಜನೆಯೇ.

ಇಲ್ಲಿ ಪೂರ್ವರೋಗದ ಪ್ರಶ್ನೆಯೇ ಏಳುವುದಿಲ್ಲ. ವ್ಯಾಪ್ತಿಗೆ ಒಳಪಟ್ಟ ಕೆಲಸಕ್ಕೆ ಸೇರಿದ ದಿನದಿಂದಲೇ ಸಾಮಾನ್ಯ ವೈದ್ಯಸಹಾಯಕ್ಕೆ ಕಾರ್ಮಿಕನು ಅರ್ಹನಾಗುತ್ತಾನೆ. ಅವನಿಗೆ ಹಿಂದೆ ಕ್ಷಯವಿತ್ತೇ, ಸಿಹಿಮೂತ್ರವಿತ್ತೇ ಎಂದು ಕೇಳುವವರಿಲ್ಲ. ಆದರೆ ಗಡಿ ಬೇರೆಡೆ ಇದ್ದಿತು. ಯಂತ್ರಶಕ್ತಿಯನ್ನು ಬಳಸಿ ೨೦ ಅಥವಾ ಹೆಚ್ಚು ಮಂದಿಯನ್ನು ದುಡಿಸಿಕೊಳ್ಳುವ, ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಮಾತ್ರ ಯೋಜನೆ ಮೊದಲು ಅನ್ವಯಿಸಿತು. ತಿಂಗಳಿಗೆ ೪೦೦ ರೂಪಾಯಿಗಿಂತ ಹೆಚ್ಚು ಸಂಬಳವುಳ್ಳವರು ಹೊರಗಾದರು. ಕುಟುಂಬದವರಿಗೆ ಚಿಕಿತ್ಸೆ ದೊರೆಯತೊಡಗಿದ್ದು ತರುವಾಯ. ಸಂಬಳದ ಮಿತಿ ಕ್ರಮಕ್ರಮವಾಗಿ ಏರಿ ೨೦೧೭ರ ಜನವರಿಯಲ್ಲಿ ೨೧,೦೦೦ ರೂಪಾಯಿಯನ್ನು ಮುಟ್ಟಿತು. ಇಷ್ಟಾದರೂ ಬೇಸಾಯಗಾರರು, ಕಸಬುದಾರರು, ದಿನಗೂಲಿಯವರು ಮೊದಲಾದ ದೇಶದ ಬಹುಸಂಖ್ಯಾತ ದುಡಿಮೆಗಾರರು ಈ ಗಡಿಯ ಆಚೆಯೇ ಉಳಿದರು.

೫

ಹೀಗೆ ಹೊರಗುಳಿದವರಲ್ಲಿ ಕಂತನ್ನು ಕೊಡಲು ಶಕ್ತರಾದವರಿಗಾಗಿ ರಾಷ್ಟ್ರೀಕೃತ ಸಾಮಾನ್ಯ ವಿಮಾಸಂಸ್ಥೆಗಳು ೧೯೮೬ರಲ್ಲಿ ‘ಮೆಡಿಕ್ಲೇಮ್’ ವಿಮೆಯನ್ನು ಆರಂಭಿಸಿದವು. ಇದು ಸ್ವೇಚ್ಛೆಯ ವಿಮೆ, ಒಬ್ಬೊಬ್ಬರಾಗಿ ಸೇರತಕ್ಕದ್ದು. ಹಾಗಾಗಿ ಫ್ರೆಂಡ್ಲಿ ಸೊಸೈಟಿಗಳ ನಿಯಮಗಳೆಲ್ಲ ಇಲ್ಲಿ ಮರಳಿ ಕಾಣಿಸಿಕೊಂಡವು. ಮೊದಲ ೩೦ ದಿನಗಳಲ್ಲಿ ಬಂದ ಕಾಯಿಲೆಗೆ ಪರಿಹಾರವಿಲ್ಲ, ಅಪಘಾತಕ್ಕೆ ಮಾತ್ರ ಉಂಟು. ಕಣ್ಣಿನ ಪೊರೆ, ಅಂಡವಾಯು, ಮೂಲವ್ಯಾಧಿ ಮುಂತಾದುವಕ್ಕೆ ಮೊದಲ ವರ್ಷ ಪರಿಹಾರವಿಲ್ಲ. ಪೂರ್ವರೋಗಗಳಿಗಂತೂ ಪರಿಹಾರವೇ ಇಲ್ಲ.

ಪೂರ್ವರೋಗವೆಂದರೆ ಯಾವುದು? ಮುರಿದ ಕೈಗೆ ಮುರಿದ ದಿನವುಂಟು. ರಕ್ತದೊತ್ತಡಕ್ಕೂ ಸಿಹಿಮೂತ್ರಕ್ಕೂ ಅಂತಹ ಆರಂಭದ ದಿನವಿಲ್ಲ. ರೋಗಿಗೇ ತಿಳಿಯದೆ ಶರೀರದಲ್ಲಿದ್ದ ದೋಷ ಪೂರ್ವರೋಗವೇ? ಸಿಹಿಮೂತ್ರವಿದ್ದವನಿಗೆ ಹತ್ತು ವರ್ಷಗಳ ತರುವಾಯ ಮೂತ್ರಪಿಂಡ ಕೆಟ್ಟರೆ ಅದೂ ಪೂರ್ವರೋಗವೇ? ಇಂತಹ ಪ್ರಶ್ನೆಗಳು ನ್ಯಾಯಾಲಯಗಳನ್ನು ಮುಟ್ಟಿದವು. ವಿಮಾಪತ್ರದ ನವೀಕರಣವನ್ನು ಮನಬಂದಂತೆ ನಿರಾಕರಿಸುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ೨೦೦೧ರಲ್ಲಿ ತೀರ್ಪಿತ್ತಿತು. ನವೀಕರಣ ತಪ್ಪಿದರೆ ಅದುವರೆಗೆ ಬಂದ ಕಾಯಿಲೆಗಳೆಲ್ಲ ಹೊಸ ವಿಮೆಯಲ್ಲಿ ಪೂರ್ವರೋಗಗಳಾಗುತ್ತವೆಂಬುದನ್ನು ನೆನೆದರೆ ಈ ತೀರ್ಪಿನ ಮಹತ್ತ್ವ ತಿಳಿಯುತ್ತದೆ. ದೀರ್ಘಕಾಲದ ಸಿಹಿಮೂತ್ರವನ್ನು ಮುಚ್ಚಿಟ್ಟ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ೨೦೦೯ರಲ್ಲಿ ವಿಮಾಸಂಸ್ಥೆಯ ನಿರಾಕರಣೆಯನ್ನು ಎತ್ತಿಹಿಡಿಯಿತು. ೨೦೨೧ರಲ್ಲಿ, ಕಾಯಿಲೆಯನ್ನು ಹೇಳಿದ್ದ ವ್ಯಕ್ತಿಯನ್ನು ವೈದ್ಯಪರೀಕ್ಷೆ ಮಾಡಿಸಿಯೇ ಸೇರಿಸಿಕೊಂಡು ಆಮೇಲೆ ಅದೇ ಕಾಯಿಲೆಯನ್ನು ಕಾರಣವಾಗಿ ತೋರಿದ ಪ್ರಕರಣದಲ್ಲಿ ನಿರಾಕರಣೆಯನ್ನು ತಳ್ಳಿಹಾಕಿತು. ಈ ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿದರೆ ೧೭೬೬ರ ಸೂತ್ರದ ಎರಡೂ ಅರ್ಧಗಳು ಮರಳಿ ಕೂಡಿದಂತಾಗುತ್ತದೆ.

ನಿಬಂಧನೆಯ ಮಾತುಗಳೂ ಈ ಕಾಲದಲ್ಲಿ ಖಚಿತಗೊಂಡವು. ವಿಮೆಗೆ ಹಿಂದಿನ ೪೮ ತಿಂಗಳಲ್ಲಿ ಕಂಡ ಕಾಯಿಲೆ ಪೂರ್ವರೋಗ, ಸತತವಾದ ೪೮ ತಿಂಗಳ ವಿಮೆಯ ನಂತರ ಅದಕ್ಕೂ ರಕ್ಷಣೆ ಎಂಬ ಸಮಾನ ವ್ಯಾಖ್ಯೆ ೨೦೦೮ರಲ್ಲಿ ಬಳಕೆಗೆ ಬಂದಿತು. ಶಾಶ್ವತ ನಿಷೇಧವಾಗಿದ್ದುದು ಹೀಗೆ ಕಾಯುವ ಅವಧಿಯಾಗಿ ಮಾರ್ಪಟ್ಟಿತು. ಒಂದು ಸಂಸ್ಥೆಯಲ್ಲಿ ಕಾದ ಅವಧಿಯನ್ನು ಕಳೆದುಕೊಳ್ಳದೆ ಇನ್ನೊಂದಕ್ಕೆ ಹೋಗುವ ಅವಕಾಶ ೨೦೧೧ರಲ್ಲಿ ದೊರೆಯಿತು. ಮಾನಸಿಕ ರೋಗಗಳಿಗೂ ಶಾರೀರಿಕ ರೋಗಗಳಂತೆಯೇ ವಿಮೆಯಿರಬೇಕೆಂದು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿತು. ೨೦೨೪ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳಂತೆ ಪೂರ್ವರೋಗಕ್ಕೆ ಕಾಯಿಸಬಹುದಾದ ಗರಿಷ್ಠ ಅವಧಿ ೩೬ ತಿಂಗಳು. ೬೦ ತಿಂಗಳು ಸತತವಾಗಿ ವಿಮೆ ನಡೆದ ಮೇಲೆ, ವಂಚನೆಯನ್ನು ಸಿದ್ಧಪಡಿಸಿದ ಹೊರತು, ಸಂಗತಿಯನ್ನು ಮುಚ್ಚಿಟ್ಟರೆಂಬ ಕಾರಣದಿಂದ ಪರಿಹಾರವನ್ನು ನಿರಾಕರಿಸುವಂತಿಲ್ಲ.

ಉದಾಹರಣೆಗೆ, ರಕ್ತದೊತ್ತಡವಿರುವ ಉಪಾಧ್ಯಾಯರೊಬ್ಬರು ಅದನ್ನು ತಿಳಿಸಿಯೇ ವಿಮೆ ಮಾಡಿಸಿದರೆಂದಿಟ್ಟುಕೊಳ್ಳೋಣ. ಮೊದಲ ವಾರದಲ್ಲಿ ಅಪಘಾತವಾದರೆ ಪರಿಹಾರವುಂಟು. ಎರಡನೆಯ ತಿಂಗಳಲ್ಲಿ ವಿಷಮಶೀತಜ್ವರದಿಂದ ಆಸ್ಪತ್ರೆ ಸೇರಿದರೂ ಉಂಟು. ಎರಡನೆಯ ವರ್ಷದಲ್ಲಿ ರಕ್ತದೊತ್ತಡದಿಂದಲೇ ತೊಂದರೆಯುಂಟಾದರೆ ನಿರಾಕರಣೆ ಸಾಧ್ಯ. ತಪ್ಪದೆ ನವೀಕರಿಸಿ ಮೂರು ವರ್ಷ ಕಳೆದರೆ ಅದಕ್ಕೂ ರಕ್ಷಣೆಯುಂಟು. ಮುಚ್ಚಿಟ್ಟು ಸೇರಿದವರಿಗಾದರೋ ಐದು ವರ್ಷಗಳವರೆಗೆ ಇಡೀ ವಿಮೆಯೇ ಅಸ್ಥಿರ.

೬

ಸ್ವೇಚ್ಛೆಯ ವಿಮೆಯಲ್ಲಿಯೂ ಪೂರ್ವರೋಗದ ನಿಬಂಧನೆಯನ್ನು ಬಿಡಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ೨೦೦೩ರ ಜೂನ್‌ನಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರು ವರ್ಷಕ್ಕೆ ೬೦ ರೂಪಾಯಿ ಕೊಟ್ಟು ಸೇರಿದರು. ಮೊದಲ ವರ್ಷದಲ್ಲಿಯೇ ಸುಮಾರು ೧೬ ಲಕ್ಷ ಮಂದಿ ಸೇರಿದರು. ಯಾವ ವಿಮಾಸಂಸ್ಥೆಯನ್ನೂ ಆಶ್ರಯಿಸದೆ, ಸರ್ಕಾರದ ನೆರವಿನಿಂದ ವಿಶ್ವಸ್ತಮಂಡಲಿಯೊಂದು ಇದನ್ನು ನಡೆಸಿತು. ಮೊದಲೇ ಇದ್ದ ಕಾಯಿಲೆಯ ಶಸ್ತ್ರಚಿಕಿತ್ಸೆಗೂ ಇಲ್ಲಿ ಅಡ್ಡಿಯಿರಲಿಲ್ಲ. ಜನರು ಸಂಘಗಳ ಮೂಲಕ ದೊಡ್ಡ ಸಮೂಹವಾಗಿ ಸೇರಿದ್ದು ಇದನ್ನು ಸಾಧ್ಯಗೊಳಿಸಿತು. ಗಡಿಯಾದರೋ ಚಿಕಿತ್ಸೆಗಳ ಪಟ್ಟಿಯಲ್ಲಿ ಬಂದು ನಿಂತಿತು: ಯೋಜನೆ ಮುಖ್ಯವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಗಳಿಗೆ, ಅಂಗಕಸಿಯಂತಹವು ಹೊರಗೆ. ೨೦೧೮ರಲ್ಲಿ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾದ ಯಶಸ್ವಿನಿ, ೨೦೨೩ರ ಜನವರಿಯಿಂದ ಪುನಃ ನಡೆಯತೊಡಗಿತು.

೨೦೧೮ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯೂ ಇದೇ ದಾರಿಯದು. ಅರ್ಹ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ, ಪೂರ್ವರೋಗಕ್ಕೂ ಮೊದಲ ದಿನದಿಂದಲೇ ರಕ್ಷಣೆ. ಆದರೆ ಸಿಹಿಮೂತ್ರದ ರೋಗಿ ದಿನವೂ ನುಂಗುವ ಮಾತ್ರೆಯ ವೆಚ್ಚ ಅದರ ವ್ಯಾಪ್ತಿಗೆ ಬಾರದು. ಮಾತ್ರೆ ತಪ್ಪಿಸಿ ಮೂತ್ರಪಿಂಡ ಕೆಟ್ಟು ಆಸ್ಪತ್ರೆಗೆ ಸೇರಿದ ಮೇಲೆ ಅದು ನೆರವಾಗುತ್ತದೆ.

೭

ಈ ಪರಿಶೀಲನೆಯಿಂದ ಹೊರಡುವ ತೀರ್ಮಾನವಿಷ್ಟು. ಮಿತವಾದ ಹಣದಿಂದ ನಡೆಯುವ ಯಾವ ವಿಮೆಯೂ ಒಂದು ಗಡಿಯನ್ನು ಹಾಕಿಕೊಳ್ಳದೆ ಇರಲಾರದು. ಆ ಗಡಿ ರೋಗಿಯ ಶರೀರದ ಮೇಲೆ ಬೀಳಬಹುದು, ಅವನ ಉದ್ಯೋಗದ ಮೇಲೆ ಬೀಳಬಹುದು, ಸಂಬಳದ ಮೇಲೆ, ಕುಟುಂಬದ ಮೇಲೆ, ಚಿಕಿತ್ಸೆಯ ಬಗೆಯ ಮೇಲೆ ಬೀಳಬಹುದು. ಎಲ್ಲಿ ಬೀಳಬೇಕೆಂಬುದನ್ನು ಪ್ರಕೃತಿ ನಿರ್ಣಯಿಸಿಲ್ಲ; ಸಂಘಗಳು, ಶಾಸನಸಭೆಗಳು, ನ್ಯಾಯಾಲಯಗಳು ನಿರ್ಣಯಿಸಿವೆ, ಬದಲಾಯಿಸಿಯೂ ಇವೆ. ಗಡಿಗಳಲ್ಲೆಲ್ಲ ಕ್ರೂರವಾದದ್ದು ಶರೀರದ ಮೇಲೆ ಬೀಳುವ ಗಡಿ, ಏಕೆಂದರೆ ಅದು ಅಗತ್ಯವುಳ್ಳವನನ್ನು ಅವನ ಅಗತ್ಯದ ಕಾರಣದಿಂದಲೇ ಹೊರಗಿಡುತ್ತದೆ. ಅಂಚೆಕಚೇರಿಯ ಠೇವಣಿ ಚಂದಾದಾರನ ಸ್ಥಿತಿ ಇದಕ್ಕೆ ಸಾಕ್ಷಿ. ಹೊಸ ಯೋಜನೆಯೊಂದನ್ನು ವಿಮರ್ಶಿಸುವ ವಿದ್ಯಾರ್ಥಿ ಅದು ಏನನ್ನು ಕೊಡುತ್ತದೆಂಬುದನ್ನು ನೋಡಿದ ಬಳಿಕ, ಅದರ ಗಡಿ ಎಲ್ಲಿ ಬಿದ್ದಿದೆ, ಆ ಗಡಿಯ ಆಚೆ ನಿಂತವರು ಯಾರು ಎಂಬುದನ್ನೂ ಕೇಳಿಕೊಳ್ಳುವುದು ಯುಕ್ತ.